ಆರ್ ಹೊಸದಾದಾಗ ಹಳೆಯ ಲೆಕ್ಕ ಉಳಿಯುವುದು ಹೇಗೆ

ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಲಂಟಾನ ಕಳೆ ಎಷ್ಟು ಹಬ್ಬಿದೆ ಎಂಬುದನ್ನು ಏಟ್ರೀ ಸಂಸ್ಥೆಯ ಸಂಶೋಧಕರು 1997ರಲ್ಲಿ ಅಳೆದರು. 2008ರಲ್ಲಿ ಮತ್ತೆ ಅಳೆದರು. ಎರಡು ಅಳತೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ಭರತ್ ಸುಂದರಂ ಮತ್ತು ಅಂಕಿಲಾ ಹಿರೇಮಠ 2012ರಲ್ಲಿ ‘ಬಯಾಲಾಜಿಕಲ್ ಇನ್ವೇಷನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನ, ಲಂಟಾನ ಯಾವ ಪರಿ ವ್ಯಾಪಿಸಿದೆ ಮತ್ತು ಜೊತೆಜೊತೆಗೆ ಸ್ಥಳೀಯ ಗಿಡಗಳಿಗೆ ಏನಾಗಿದೆ ಎಂಬುದನ್ನು ತೋರಿಸಿತು. ಮೊದಲ ಅಳತೆಗೂ ಎರಡನೆಯದಕ್ಕೂ ನಡುವೆ ಹನ್ನೊಂದು ವರ್ಷ. ಕಾಡಿನ ಅಧ್ಯಯನದಲ್ಲಿ ಇದು ದೊಡ್ಡ ಅವಧಿಯಲ್ಲ. ಆದರೆ ಲೆಕ್ಕ ಹಾಕುವ ತಂತ್ರಾಂಶಕ್ಕೆ ಇದು ಒಂದು ಯುಗವೇ ಸರಿ. ಆರ್ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶದ ಪ್ಯಾಕೇಜುಗಳನ್ನು ಒಂದೆಡೆ ಇಡುವ ಕ್ರಾನ್ ಭಂಡಾರ ಶುರುವಾದದ್ದು 1997ರಲ್ಲೇ. ಆರ್‌ನ 1.0.0 ಆವೃತ್ತಿ ಹೊರಬಂದದ್ದು 2000ದ ಫೆಬ್ರವರಿ 29ರಂದು. 2004ರಲ್ಲಿ ಎರಡನೆಯ ಸರಣಿ, 2013ರಲ್ಲಿ ಮೂರನೆಯದು, 2020ರಲ್ಲಿ ನಾಲ್ಕನೆಯದು. ಇಷ್ಟರ ಮೇಲೆ ಸಾಮಾನ್ಯವಾಗಿ ಪ್ರತಿ ಏಪ್ರಿಲ್‌ಗೊಂದು ಹೊಸ ಆವೃತ್ತಿ.

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳನ್ನು, ಆವೃತ್ತಿ ಬದಲಾದಾಗ ಹಳೆಯ ಲೆಕ್ಕ ಉಳಿಯುವುದು ಹೇಗೆ ಎಂಬ ಪ್ರಶ್ನೆಗೆ ಆರಿಸಿಕೊಳ್ಳಲು ಕಾರಣವಿದೆ. ದಶಕಗಟ್ಟಲೆ ಅಳೆದ ಕಾಡು ಇಲ್ಲಿದೆ. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಬಿಳಿಗಿರಿ ರಂಗನಾಥಸ್ವಾಮಿ ದೇವಸ್ಥಾನದ ಕಾಡು, 1987ರ ಕಾವೇರಿ ವನ್ಯಧಾಮ, 2013ರ ಮಲೆಮಹದೇಶ್ವರ ವನ್ಯಧಾಮ ಒಂದಕ್ಕೊಂದು ಹತ್ತಿಕೊಂಡಿವೆ. ಹುಲಿ, ಚಿರತೆಗಳಿಗಾಗಿ ಇಲ್ಲಿ ಕ್ಯಾಮೆರಾ ಟ್ರ್ಯಾಪ್ ಇಟ್ಟು ಬಂದ ಚಿತ್ರಗಳನ್ನು ಸಂಖ್ಯೆಯಾಗಿಸುವ ಕೆಲಸ ಬಹುಪಾಲು ಆರ್‌ನಲ್ಲೇ ನಡೆಯುವಂಥದ್ದು. ನ್ಯೂಜಿಲೆಂಡ್‌ನ ಮರ್ರೆ ಎಫರ್ಡ್ ಬರೆದ ‘ಸೆಕರ್’ ಒಂದು ಪ್ಯಾಕೇಜು. ಅರ್ಜುನ್ ಗೋಪಾಲಸ್ವಾಮಿ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ‘ಸ್ಪೇಸ್‌ಕ್ಯಾಪ್’ ಇನ್ನೊಂದು. ರಾಷ್ಟ್ರೀಯ ಹುಲಿ ಗಣತಿ 2006, 2010, 2014, 2018, 2022 ಹೀಗೆ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. ಒಂದು ಗಣತಿ ಮುಗಿದು ಇನ್ನೊಂದು ಬರುವಷ್ಟರಲ್ಲಿ ಆರ್ ನಾಲ್ಕು ಸಲ ಬದಲಾಗಿರುತ್ತದೆ. ಕಾಡಿನ ಹೊರಗೆ ನೋಡಿದರೆ ರೇಷ್ಮೆಗೂಡಿನ ದರಪಟ್ಟಿ ಇಟ್ಟುಕೊಂಡು ಅಧ್ಯಯನ ಮಾಡುವವರು, ಆರೋಗ್ಯ ಸಮೀಕ್ಷೆಯವರು, ಬಿಸಿಎ ತರಗತಿಯಲ್ಲಿ ಆರ್ ಕಲಿಯುವ ಮಕ್ಕಳು ಇದ್ದಾರೆ. ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಹೊಸ ಆವೃತ್ತಿ ಹಾಕಿಕೊಂಡರೆ ಇಷ್ಟು ದಿನ ಕೂಡಿಸಿಕೊಂಡ ಪ್ಯಾಕೇಜುಗಳು, ಸೆಟ್ಟಿಂಗುಗಳು ಹೋಗುತ್ತವೆಯೇ?

ಹೋಗುವುದಿಲ್ಲ, ಕಾಣದಾಗುತ್ತವೆ. ಈ ವ್ಯತ್ಯಾಸ ತಿಳಿದರೆ ಅರ್ಧ ಗಾಬರಿ ಕಡಿಮೆಯಾಗುತ್ತದೆ. ಆರ್ ಆವೃತ್ತಿಯ ಸಂಖ್ಯೆಯಲ್ಲಿ ಮೂರು ಅಂಕಿಗಳಿರುತ್ತವೆ. 4.4.1 ಹೋಗಿ 4.4.2 ಬಂದರೆ ಬದಲಾದದ್ದು ಕೊನೆಯ ಅಂಕಿ. ಆಗ ಬಳಕೆದಾರನ ಲೈಬ್ರರಿ ಫೋಲ್ಡರ್ ಅದೇ ಇರುತ್ತದೆ, ಪ್ಯಾಕೇಜುಗಳು ಹಾಗೆಯೇ ನಡೆಯುತ್ತವೆ. 4.4 ಹೋಗಿ 4.5 ಬಂದರೆ ಮಾತ್ರ ಆರ್ ತನಗಾಗಿ ‘4.5’ ಎಂಬ ಹೊಸ ಫೋಲ್ಡರ್ ಮಾಡಿಕೊಂಡು ಅಲ್ಲಿ ಮಾತ್ರ ಹುಡುಕುತ್ತದೆ. ಕೊಳ್ಳೇಗಾಲದಿಂದ ಬೇರೆಯಾಗಿ ಹನೂರು ತಾಲ್ಲೂಕಾದಾಗ ಊರುಗಳು ಒಂದಡಿಯೂ ಕದಲಲಿಲ್ಲ, ಕಡತ ಹುಡುಕುವ ಕಚೇರಿ ಬೇರೆಯಾಯಿತು. ಇಲ್ಲಿಯೂ ಹಾಗೆಯೇ. ಹಳೆಯ ‘4.4’ ಫೋಲ್ಡರಿನಲ್ಲಿ ನಿಮ್ಮ ಪ್ಯಾಕೇಜುಗಳೆಲ್ಲ ಕುಳಿತಿವೆ, ಹೊಸ ಆರ್ ಆ ಕಡೆ ನೋಡುತ್ತಿಲ್ಲ. ‘ಲಿಬ್‌ಪಾತ್ಸ್’ ಆಜ್ಞೆ ಕೊಟ್ಟರೆ ಯಾವ ಫೋಲ್ಡರ್ ನೋಡುತ್ತಿದೆ ಎಂದು ಅದೇ ಹೇಳುತ್ತದೆ. ಯಾರಾದರೂ ‘ಪ್ಯಾಕೇಜೆಲ್ಲ ಹೋಯ್ತು’ ಎಂದರೆ ಮೊದಲು ಹಳೆಯ ಆರ್‌ನಲ್ಲಿ ಒಮ್ಮೆ, ಹೊಸದರಲ್ಲಿ ಒಮ್ಮೆ ಈ ಆಜ್ಞೆ ಕೊಟ್ಟು ನೋಡಲು ಹೇಳಬೇಕು.

ವಿಂಡೋಸ್ ಬಳಸುವವರಿಗೆ 2022ರಲ್ಲಿ ಇನ್ನೊಂದು ತಿರುವು ಬಂತು. ಅಲ್ಲಿಯವರೆಗೆ ಸ್ವಂತ ಲೈಬ್ರರಿ ಡಾಕ್ಯುಮೆಂಟ್ಸ್ ಫೋಲ್ಡರಿನೊಳಗೆ ಕಣ್ಣಿಗೆ ಕಾಣುವಂತೆ ಇರುತ್ತಿತ್ತು. ಆರ್ 4.2.0ರಿಂದ ಅದು ‘ಆಪ್‌ಡೇಟಾ’ದ ಒಳಗಿನ ‘ಲೋಕಲ್’ಗೆ ಹೋಯಿತು. ಆಪ್‌ಡೇಟಾ ಮರೆಮಾಡಿದ ಫೋಲ್ಡರ್. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಮರೆಯಾದವನ್ನು ತೋರಿಸು ಎಂದು ಟಿಕ್ ಹಾಕದ ಹೊರತು ಕಾಣುವುದಿಲ್ಲ. ಡಾಕ್ಯುಮೆಂಟ್ಸ್ ಫೋಲ್ಡರನ್ನಷ್ಟೇ ಪೆನ್‌ಡ್ರೈವ್‌ಗೆ ಕಾಪಿ ಮಾಡಿ, ಎಲ್ಲ ಬಂತು ಎಂದು ತಿಳಿದು ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಿದರೆ ಲೈಬ್ರರಿ ನಿಜವಾಗಿಯೂ ಹೋಗುತ್ತದೆ.

ಇನ್ನು ದಾರಿಗಳು. ವಿಂಡೋಸ್ ಬಳಕೆದಾರರಿಗಾಗಿ ಆರ್ ತಂಡದವರೇ ಬರೆದಿರುವ ಪ್ರಶ್ನೋತ್ತರದಲ್ಲಿ ಹಳೆಯದನ್ನು ತೆಗೆದು ಹೊಸದು ಹಾಕಿ, ಪ್ಯಾಕೇಜುಗಳನ್ನು ಹೊಸ ಲೈಬ್ರರಿಗೆ ಕಾಪಿ ಮಾಡಿ, ‘ಅಪ್‌ಡೇಟ್ ಪ್ಯಾಕೇಜಸ್’ ಆಜ್ಞೆಯನ್ನು ‘ಚೆಕ್‌ಬಿಲ್ಟ್’ ಸಹಿತ ಕೊಡಿ ಎಂಬ ಸಲಹೆ ಇದೆ. ಚೆಕ್‌ಬಿಲ್ಟ್ ಮುಖ್ಯ. ಹಳೆಯ ಆರ್‌ನಲ್ಲಿ ಕಟ್ಟಿದ ಪ್ಯಾಕೇಜು ಯಾವುದೆಂದು ನೋಡಿ, ಆವೃತ್ತಿ ಅದೇ ಇದ್ದರೂ ಹೊಸದಾಗಿ ಇಳಿಸಿಕೊಳ್ಳುತ್ತದೆ. ಸಿ ಭಾಷೆಯಲ್ಲಿ ಬರೆದ ಭಾಗಗಳಿರುವ ಪ್ಯಾಕೇಜುಗಳು ಈ ಕೆಲಸವಾಗದೆ ಹೊಸ ಆರ್‌ನಲ್ಲಿ ಎಲ್ಲೋ ಮಧ್ಯೆ ಕೈಕೊಡಬಹುದು. ಸಲಹೆಯ ಎರಡನೆಯ ಭಾಗವನ್ನು ನಾನು ಪೂರ್ತಿ ಒಪ್ಪುತ್ತೇನೆ, ಮೊದಲ ಭಾಗವನ್ನು ಈ ತಾಲ್ಲೂಕುಗಳ ಮಟ್ಟಿಗೆ ಒಪ್ಪುವುದಿಲ್ಲ. ನೆಟ್‌ವರ್ಕ್ ನೆಚ್ಚಿಕೊಳ್ಳಲಾಗದ ಬೆಟ್ಟದ ಊರಿನಲ್ಲಿ ಹಳೆಯ ಆರ್ ಮೊದಲೇ ತೆಗೆದುಬಿಟ್ಟರೆ, ಪ್ಯಾಕೇಜು ಅರ್ಧ ಇಳಿದು ನಿಂತಾಗ ಕೈಯಲ್ಲಿ ಹಳೆಯದೂ ಇಲ್ಲ, ಹೊಸದೂ ಇಲ್ಲ. ವಿಂಡೋಸ್‌ನಲ್ಲಿ ಪ್ರತಿ ಆವೃತ್ತಿಯೂ ತನ್ನದೇ ಫೋಲ್ಡರಿನಲ್ಲಿ ಕೂರುವುದರಿಂದ ಎರಡೂ ಅಕ್ಕಪಕ್ಕ ಇರಬಹುದು, ಆರ್ ಬಳಸಲು ನೆರವಾಗುವ ತಂತ್ರಾಂಶವಾದ ಆರ್‌ಸ್ಟುಡಿಯೋದ ಆಯ್ಕೆಗಳಲ್ಲಿ ಯಾವುದು ಬೇಕೋ ಅದನ್ನು ಆರಿಸಬಹುದು. ಹಿಂದಿನ ವರದಿಯ ಅಂಕಿಗಳು ಹೊಸದರಲ್ಲಿಯೂ ಹಾಗೆಯೇ ಬರುತ್ತವೆ ಎಂದು ಖಾತ್ರಿಯಾಗುವವರೆಗೆ ಹಳೆಯದನ್ನು ಮುಟ್ಟಬಾರದು.

ಕಾಪಿ ಮಾಡುವವರು ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಆರ್ ಜೊತೆಗೇ ಬರುವ ಮೂಲ ಪ್ಯಾಕೇಜುಗಳಿವೆ: ಬೇಸ್, ಸ್ಟ್ಯಾಟ್ಸ್, ಯುಟಿಲ್ಸ್ ಮುಂತಾದವು. ಇವು ಆ ಆವೃತ್ತಿಯದೇ ಅಂಗಗಳು. ಹಳೆಯವನ್ನು ತಂದು ಹೊಸದರ ಮೇಲೆ ಹಾಕಿದರೆ ಆರ್ ಏಳದೇ ಹೋಗಬಹುದು. ‘ಇನ್‌ಸ್ಟಾಲ್ಡ್ ಪ್ಯಾಕೇಜಸ್’ ಕೊಡುವ ಪಟ್ಟಿಯಲ್ಲಿ ‘ಪ್ರಯಾರಿಟಿ’ ಎಂಬ ಕಂಬಸಾಲು ಇರುತ್ತದೆ. ಅದರಲ್ಲಿ ‘ಬೇಸ್’ ಎಂದಿರುವುದನ್ನು ಬಿಟ್ಟು ಉಳಿದವನ್ನಷ್ಟೇ ಕಾಪಿ ಮಾಡಬೇಕು.

ಟಾಲ್ ಗಲಿಲಿ ಅವರ ‘ಇನ್‌ಸ್ಟಾಲರ್’ ಪ್ಯಾಕೇಜು ವಿಂಡೋಸ್‌ನಲ್ಲಿ ಇದೆಲ್ಲವನ್ನೂ ಒಂದೇ ಆಜ್ಞೆಯಲ್ಲಿ ಮಾಡಿಸುತ್ತದೆ. ಕಾಲೇಜಿನ ಲ್ಯಾಬ್‌ಗೆ ಅದು ಸಾಕು. ಕೆಲವರು ಆವೃತ್ತಿಯ ಹೆಸರಿಲ್ಲದ ಒಂದೇ ಲೈಬ್ರರಿ ಫೋಲ್ಡರ್ ಮಾಡಿ ಎಲ್ಲ ಆರ್‌ಗಳಿಗೂ ಅದನ್ನೇ ತೋರಿಸುತ್ತಾರೆ. ನನಗಿದು ಸರಿಕಾಣುವುದಿಲ್ಲ. ಹೊಸ ಆರ್‌ನಿಂದ ಪ್ಯಾಕೇಜು ಅಪ್‌ಡೇಟ್ ಮಾಡಿದ ದಿನ ಹಳೆಯ ಆರ್ ಕೆಟ್ಟಿರುತ್ತದೆ, ಹಿಂದಕ್ಕೆ ಹೋಗುವ ಬಾಗಿಲು ಮುಚ್ಚಿರುತ್ತದೆ.

ನನ್ನ ಮಟ್ಟಿಗೆ ಕಾಪಾಡಬೇಕಾದದ್ದು ಪ್ಯಾಕೇಜುಗಳನ್ನಲ್ಲ, ಅವುಗಳ ಪಟ್ಟಿಯನ್ನು. ಪ್ಯಾಕೇಜು ಕ್ರಾನ್‌ನಿಂದ ಸಾಮಾನ್ಯವಾಗಿ ಮತ್ತೆ ಸಿಗುತ್ತದೆ. ಯಾವ ಪ್ಯಾಕೇಜಿನ ಯಾವ ಆವೃತ್ತಿಯನ್ನು ಎಲ್ಲಿಂದ ತಂದು ಈ ಲೆಕ್ಕ ಹಾಕಿದೆವು ಎಂಬ ಮಾಹಿತಿ ಮತ್ತೆ ಸಿಗುವುದಿಲ್ಲ. ಹಳೆಯ ಆರ್‌ನಲ್ಲಿ ಪಟ್ಟಿ ತೆಗೆದು ಒಂದು ಫೈಲಾಗಿ ಉಳಿಸಿ, ಹೊಸದರಲ್ಲಿ ಆ ಫೈಲು ತೆರೆದು ಇಲ್ಲದವನ್ನಷ್ಟೇ ಹಾಕಿಸಿಕೊಳ್ಳುವುದು ನಾಲ್ಕು ಸಾಲಿನ ಕೆಲಸ. ಇದನ್ನೇ ಶಿಸ್ತಿನಿಂದ ಮಾಡುವುದು 2019ರ ಕೊನೆಯಲ್ಲಿ ಬಂದ ‘ರೆನ್ವ್’. ಪ್ರತಿ ಯೋಜನೆಗೂ ಅದು ಬೇರೆ ಲೈಬ್ರರಿ ಕೊಟ್ಟು, ‘ರೆನ್ವ್ ಡಾಟ್ ಲಾಕ್’ ಎಂಬ ಒಂದು ಫೈಲು ಬರೆಯುತ್ತದೆ. ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿದರೆ ಮೇಲೆ ಆರ್‌ನ ಆವೃತ್ತಿ, ಅದರ ಕೆಳಗೆ ಭಂಡಾರದ ವಿಳಾಸ, ಆಮೇಲೆ ಒಂದೊಂದು ಪ್ಯಾಕೇಜಿನ ಹೆಸರು, ಆವೃತ್ತಿ, ಮೂಲ. ಗಿಟ್‌ಹಬ್‌ನಿಂದ ತಂದದ್ದಾದರೆ ಯಾವ ಹಂತದ ಕೋಡ್ ಎಂಬ ಗುರುತೂ ಇರುತ್ತದೆ. ಈ ಫೈಲು ಚಿಕ್ಕದು, ಈಮೇಲ್‌ನಲ್ಲಿ ಕಳಿಸಬಹುದು. ರೆನ್ವ್ ಆರ್ ತಂತ್ರಾಂಶವನ್ನೇ ಹಾಕಿಕೊಡುವುದಿಲ್ಲ, ಅದನ್ನು ನಾವೇ ಹಾಕಬೇಕು. ಆದರೂ ಕಾಡಿನ ದೀರ್ಘಕಾಲದ ಅಧ್ಯಯನಕ್ಕೆ ಇದಕ್ಕಿಂತ ತಕ್ಕ ಸಾಧನ ಸದ್ಯಕ್ಕೆ ನಾನು ಕಂಡಿಲ್ಲ.

ಪರರ ಭಂಡಾರವನ್ನು ಎಷ್ಟು ನಂಬಬಹುದು ಎಂಬುದಕ್ಕೂ ಒಂದು ಪಾಠ ಈಗಾಗಲೇ ಸಿಕ್ಕಿದೆ. ಕ್ರಾನ್ ಒಂದು ನಿರ್ದಿಷ್ಟ ದಿನ ಹೇಗಿತ್ತೋ ಹಾಗೆಯೇ ಕೊಡುವ ‘ಎಂರಾನ್’ ಸೇವೆಯನ್ನು ಮೈಕ್ರೋಸಾಫ್ಟ್ ನಡೆಸುತ್ತಿತ್ತು. 2023ರ ಜುಲೈನಲ್ಲಿ ಅದನ್ನು ಮುಚ್ಚಿತು. ಅದನ್ನೇ ನೆಚ್ಚಿ ಬರೆದ ಕೋಡ್‌ಗಳು ಅಲ್ಲಿಗೆ ನಿಂತವು. ಪಾಸಿಟ್ ಸಂಸ್ಥೆ ಇಂಥದ್ದೇ ಸೇವೆ ಕೊಡುತ್ತಿದೆ, ಒಳ್ಳೆಯದೇ. ಆದರೂ ಬೇಕಾದ ಪ್ಯಾಕೇಜುಗಳ ಒಂದು ಪ್ರತಿ ನಮ್ಮ ಹಾರ್ಡ್‌ಡಿಸ್ಕಿನಲ್ಲಿ ಇರಲಿ.

ಸ್ವಂತ ಪ್ರತಿ ಇಟ್ಟುಕೊಳ್ಳುವ ಈ ಸಲಹೆ ನೆಟ್‌ವರ್ಕಿನ ಮಾತಿಗೂ ಹೊಂದುತ್ತದೆ. ನಕ್ಷೆ ಕೆಲಸದ ‘ಎಸ್‌ಎಫ್’, ‘ಟೆರ್ರಾ’ದಂಥ ಪ್ಯಾಕೇಜುಗಳು ಒಂದೊಂದೂ ಹತ್ತಾರು ಎಂಬಿ. ಅವಲಂಬಿಸಿದ ಪ್ಯಾಕೇಜುಗಳೆಲ್ಲ ಸೇರಿದರೆ ಮಲೆಮಹದೇಶ್ವರ ಬೆಟ್ಟದ ಆಚೆಗಿನ ಊರುಗಳಲ್ಲಿ ಮೊಬೈಲ್ ಹಾಟ್‌ಸ್ಪಾಟ್ ನಂಬಿ ಕೂರುವಂತಿಲ್ಲ. ‘ಮಿನಿಕ್ರಾನ್’ ಎಂಬ ಪ್ಯಾಕೇಜಿನಿಂದ ಕೊಳ್ಳೇಗಾಲ ಪಟ್ಟಣದಲ್ಲೋ ಮೈಸೂರಿನಲ್ಲೋ ಕುಳಿತು ನಮಗೆ ಬೇಕಾದ ಪ್ಯಾಕೇಜುಗಳನ್ನೂ ಅವುಗಳ ಅವಲಂಬನೆಗಳನ್ನೂ ಸೇರಿಸಿ ಒಂದು ಪುಟ್ಟ ಕ್ರಾನ್ ಮಾಡಿಕೊಳ್ಳಬಹುದು. ಅದನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು ಎಷ್ಟು ಕಂಪ್ಯೂಟರಿಗಾದರೂ ನೆಟ್ ಇಲ್ಲದೆ ಹಾಕಬಹುದು. ಇನ್ನೊಂದು ಮಾತು. ವಿಂಡೋಸ್‌ಗೆ ಸಿದ್ಧಪಡಿಸಿದ ಪ್ಯಾಕೇಜುಗಳನ್ನು ಕ್ರಾನ್ ಈಗಿನ ಆವೃತ್ತಿಗೂ ಅದರ ಹಿಂದಿನ ಒಂದಕ್ಕೂ ಮಾತ್ರ ಹೊಸದಾಗಿ ಕಟ್ಟಿಕೊಡುತ್ತದೆ. ಅಪ್‌ಗ್ರೇಡ್ ಬೇಡವೇ ಬೇಡ ಎಂದು ನಾಲ್ಕು ವರ್ಷ ಕುಳಿತವರು ಆಮೇಲೆ ಒಂದು ಹೊಸ ಪ್ಯಾಕೇಜು ಬೇಕೆಂದಾಗ ಆರ್‌ಟೂಲ್ಸ್ ಎಂಬ ಸಲಕರಣೆ ಹಾಕಿ ಮೂಲ ಕೋಡಿನಿಂದ ಕಟ್ಟಿಕೊಳ್ಳಬೇಕು. ಹೀಗಾಗಿ ಹಳೆಯದಕ್ಕೇ ಅಂಟಿಕೊಂಡು ಬದುಕುವುದೂ ದಾರಿಯಲ್ಲ.

ಸೆಟ್ಟಿಂಗುಗಳ ವಿಷಯ ಬೇಗ ಮುಗಿಯುತ್ತದೆ. ‘ಆರ್‌ಪ್ರೊಫೈಲ್’, ‘ಆರ್‌ಎನ್ವಿರಾನ್’ ಎಂಬ ಎರಡು ಫೈಲುಗಳು ಬಳಕೆದಾರನ ಸ್ವಂತ ಫೋಲ್ಡರಿನಲ್ಲಿದ್ದರೆ ಅಪ್‌ಗ್ರೇಡ್ ಅವನ್ನು ಮುಟ್ಟುವುದಿಲ್ಲ. ಹೆಸರಿನ ಕೊನೆಗೆ ‘ಸೈಟ್’ ಇರುವ ಅವುಗಳ ಜೋಡಿ ಫೈಲುಗಳು ಆರ್‌ನ ಸ್ವಂತ ಫೋಲ್ಡರಿನ ‘ಇಟಿಸಿ’ಯೊಳಗಿರುತ್ತವೆ. ಹಳೆಯ ಆವೃತ್ತಿ ಅಳಿಸಿದರೆ ಅವೂ ಹೋಗುತ್ತವೆ. ಲ್ಯಾಬಿನ ಎಲ್ಲ ಯಂತ್ರಗಳಿಗೂ ಪ್ರಾಕ್ಸಿ ವಿಳಾಸ, ಕ್ರಾನ್ ಕನ್ನಡಿ ತಾಣದ ವಿಳಾಸ ಹಾಕಿರುವವರು ಸಾಮಾನ್ಯವಾಗಿ ಬರೆದಿಡುವುದು ಇಲ್ಲೇ. ಆರ್‌ಸ್ಟುಡಿಯೋದ ಅಕ್ಷರಗಾತ್ರ, ಬಣ್ಣ, ಶಾರ್ಟ್‌ಕಟ್‌ಗಳು ಆರ್‌ಗೆ ಸೇರಿದವಲ್ಲ, ಬೇರೆ ಕಡೆ ಇರುತ್ತವೆ, ಆರ್ ಬದಲಾದರೂ ಉಳಿಯುತ್ತವೆ. ಆರ್‌ಎನ್ವಿರಾನ್‌ನಲ್ಲಿ ಪಾಸ್‌ವರ್ಡ್, ಟೋಕನ್ ಇಟ್ಟಿದ್ದರೆ ಪೆನ್‌ಡ್ರೈವ್‌ನಲ್ಲಿ ಊರೆಲ್ಲ ತಿರುಗಿಸಬೇಡಿ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಅಪ್‌ಗ್ರೇಡ್ ಏಕೆ ಬೇಕು ಎಂಬುದಕ್ಕೆ ಎಲ್ಲಕ್ಕಿಂತ ಬಲವಾದ ಉತ್ತರ 4.2.0 ಆವೃತ್ತಿಯಲ್ಲಿದೆ. ಅದಕ್ಕೆ ಮೊದಲು ವಿಂಡೋಸ್‌ನ ಆರ್ ಕನ್ನಡ ಅಕ್ಷರಗಳನ್ನು ತನ್ನ ಒಳಗಿನ ಸಂಕೇತಕ್ಕೆ ಹೊಂದಿಸಲಾರದೆ ಸಂಖ್ಯೆಗಳಾಗಿ ಕಾರುತ್ತಿತ್ತು. ತಾಲ್ಲೂಕಿನ ಕಾಲಮ್ಮಿನಲ್ಲಿ ‘ಹನೂರು’ ಎಂದು ಬರೆದಿದ್ದರೆ ಪರದೆಯ ಮೇಲೆ ‘ಯು+0ಸಿಬಿ9’ ಎಂದು ಶುರುವಾಗಿ ಕೋನದ ಆವರಣಗಳಲ್ಲಿ ಐದು ಸಂಕೇತಗಳ ಸಾಲು. ‘ಯಳಂದೂರು’ ಏಳು ಸಂಕೇತ, ‘ಕೊಳ್ಳೇಗಾಲ’ ಒಂಬತ್ತು. ಕೋಷ್ಟಕ ಓದಲಾಗದು, ನಕ್ಷೆಯ ಮೇಲೆ ಹೆಸರು ಬರೆಯಲಾಗದು. ಹಾಗಾಗಿ ಎಲ್ಲರೂ ಇಂಗ್ಲಿಷಿನಲ್ಲೇ ಬರೆದುಕೊಂಡರು. ಅಲ್ಲಿ ಒಬ್ಬರು ಕೊಳ್ಳೇಗಾಲವನ್ನು ಕೊನೆಯ ‘ಎ’ ಇಟ್ಟು ಬರೆದರೆ ಇನ್ನೊಬ್ಬರು ಬಿಟ್ಟು ಬರೆದರು. ಇಲ್ಲಿನ ಬುಡಕಟ್ಟಿನವರಾದ ಸೋಲಿಗರ ಪೋಡುಗಳ, ಅಂದರೆ ಹಾಡಿಗಳ, ಹೆಸರುಗಳಲ್ಲಿ ಇದು ಇನ್ನೂ ಹೆಚ್ಚು. ಯರಕನಗದ್ದೆ, ಪುರಾಣಿಪೋಡು, ಕೆರೆದಿಂಬ, ಗೊಂಬೆಗಲ್ಲು: ಇವನ್ನು ಇಂಗ್ಲಿಷಿನಲ್ಲಿ ಬರೆಯಲು ಕೂತರೆ ಒಂದೊಂದಕ್ಕೂ ಮೂರು ನಾಲ್ಕು ಕಾಗುಣಿತ. ಎರಡು ಸಮೀಕ್ಷೆಗಳನ್ನು ಜೋಡಿಸುವಾಗ ಒಂದೇ ಪೋಡು ಎರಡಾಗಿ ಎಣಿಕೆಗೆ ಬಂದುಬಿಡುತ್ತದೆ. 2022ರ ಏಪ್ರಿಲ್‌ನಿಂದ ವಿಂಡೋಸ್‌ನ ಆರ್ ಕೂಡ ಯುಟಿಎಫ್-8 ಎಂಬ ಸಂಕೇತಕ್ರಮವನ್ನು ತನ್ನದಾಗಿಸಿಕೊಂಡಿತು. ವಿಂಡೋಸ್ 10ರ 2019ರ ಮೇ ತಿಂಗಳ ಅಪ್‌ಡೇಟ್ ಅಥವಾ ಅದಕ್ಕಿಂತ ಈಚಿನದು ಇದ್ದರೆ ಸಾಕು, ಪೋಡಿನ ಹೆಸರನ್ನು ಅಲ್ಲಿನವರು ಹೇಳುವಂತೆಯೇ ಬರೆದು ಅದನ್ನೇ ಜೋಡಣೆಯ ಕೀಲಿಯಾಗಿ ಬಳಸಬಹುದು. ಒಂದು ಎಚ್ಚರಿಕೆ ಬೇಕು. ಹಳೆಯ ದಿನಗಳ ಕಷ್ಟ ತಪ್ಪಿಸಲು ಆರ್‌ಪ್ರೊಫೈಲ್‌ನಲ್ಲಿ ಭಾಷೆ, ಸಂಕೇತ ಬದಲಿಸುವ ಸಾಲುಗಳನ್ನು ಹಾಕಿಕೊಂಡಿದ್ದರೆ ಅವನ್ನು ಹೊಸ ಆವೃತ್ತಿಗೆ ಹಾಗೆಯೇ ತರಬೇಡಿ. ಈಗ ಅವೇ ಅಡ್ಡಿ. ಅದೇ 4.2.0ರಲ್ಲಿ 32 ಬಿಟ್ ವಿಂಡೋಸ್‌ಗೆ ಬೆಂಬಲ ನಿಂತಿತು. ಹಳೆಯ ಕಂಪ್ಯೂಟರುಗಳಿರುವ ಲ್ಯಾಬ್‌ಗಳು ಹೊಸ ಆರ್ ಇಳಿಸುವ ಮೊದಲು ಇದನ್ನು ನೋಡಿಕೊಳ್ಳಬೇಕು.

ಉಬುಂಟು ಬಳಸುವ ಕಡೆ ಸಮಸ್ಯೆ ಬೇರೆ ಬಗೆಯದು. ಅಲ್ಲಿ ಆರ್ ಬದಲಾಗದೆ ಆಪರೇಟಿಂಗ್ ಸಿಸ್ಟಮ್ ಬದಲಾದರೂ ನಕ್ಷೆಯ ಪ್ಯಾಕೇಜುಗಳು ತಮಗೆ ಬೇಕಾದ, ನಕ್ಷೆಯ ಫೈಲು ಓದುವ ಜಿಡಾಲ್ ಲೈಬ್ರರಿ ಸಿಗದೆ ನಿಲ್ಲುತ್ತವೆ. ಮತ್ತೆ ಕಟ್ಟಿಕೊಂಡರೆ ಸರಿಹೋಗುತ್ತದೆ.

ಪಟ್ಟಿ ಇದ್ದರೂ ಮರಳಿ ಬಾರದ ಪ್ಯಾಕೇಜುಗಳೂ ಇವೆ. ಕಾಡಿನ ಗಡಿ, ಗಸ್ತಿನ ದಾರಿ, ಲಂಟಾನದ ನಕ್ಷೆಗಳ ಶೇಪ್‌ಫೈಲು ಓದಲು ವರ್ಷಗಟ್ಟಲೆ ಎಲ್ಲರೂ ಬಳಸಿದ್ದು ‘ಆರ್‌ಜಿಡಾಲ್’. ಜೊತೆಗೆ ‘ಆರ್‌ಜಿಯೋಸ್’, ‘ಮ್ಯಾಪ್‌ಟೂಲ್ಸ್’. ಇವನ್ನು ನೋಡಿಕೊಳ್ಳುತ್ತಿದ್ದವರು ನಾರ್ವೆಯ ರೋಜರ್ ಬಿವಾಂಡ್. ತಾವು ನಿವೃತ್ತರಾಗುತ್ತಿರುವುದಾಗಿಯೂ ಪ್ಯಾಕೇಜುಗಳೂ ನಿಲ್ಲುವುದಾಗಿಯೂ ಬಹಳ ಮುಂಚೆಯೇ ತಿಳಿಸಿ, 2023ರ ಅಕ್ಟೋಬರ್‌ನಲ್ಲಿ ಮೂರನ್ನೂ ಕ್ರಾನ್‌ನಿಂದ ತೆಗೆಸಿದರು. ಅಷ್ಟು ಮುಂಚೆ ತಿಳಿಸಿದ್ದು ದೊಡ್ಡ ಗುಣ. ಆದರೂ ಹುಲಿ ಅಧ್ಯಯನದ ಹಳೆಯ ಕೋಡ್ ತೆರೆದು ಹೊಸ ಆರ್‌ನಲ್ಲಿ ಓಡಿಸಿದರೆ ಮೊದಲ ಸಾಲಿನಲ್ಲೇ ನಿಲ್ಲುತ್ತದೆ. ಎಸ್‌ಎಫ್, ಟೆರ್ರಾಗಳಿಗೆ ಕೋಡ್ ಬದಲಿಸಿ ಬರೆಯಬೇಕು, ಇಲ್ಲವೇ ಹಳೆಯ ಆರ್‌ನ ಹಳೆಯ ಲೈಬ್ರರಿಯಲ್ಲಿ ಓಡಿಸಬೇಕು. ಹಳೆಯದನ್ನು ಬೇಗ ಅಳಿಸಬೇಡಿ ಎಂದು ನಾನು ಒತ್ತಿ ಹೇಳಲು ಇದೂ ಒಂದು ಕಾರಣ.

ಎಲ್ಲ ಪ್ಯಾಕೇಜುಗಳೂ ಬಂದವು, ಕೋಡ್ ಓಡಿತು, ಆದರೆ ಉತ್ತರ ಬೇರೆ ಬಂತು. ನಾನು ಹೆಚ್ಚು ಹೆದರುವುದು ಇದಕ್ಕೆ. ಎರಡು ಬದಲಾವಣೆಗಳನ್ನು ಈ ಸೀಮೆಯಲ್ಲಿ ಅಧ್ಯಯನ ಮಾಡುವವರು ಬಾಯಿಪಾಠ ಮಾಡಿಕೊಳ್ಳಬೇಕು. ಮೊದಲನೆಯದು 2020ರ 4.0.0ದು. ಅದಕ್ಕೆ ಮುಂಚೆ ಫೈಲಿನಿಂದ ಓದಿದ ಪಠ್ಯದ ಕಾಲಮ್ಮು ತಾನಾಗಿ ‘ಫ್ಯಾಕ್ಟರ್’ ಆಗುತ್ತಿತ್ತು. ಒಳಗೆ ಹನೂರು ಒಂದು, ಕೊಳ್ಳೇಗಾಲ ಎರಡು, ಯಳಂದೂರು ಮೂರು ಎಂಬಂತೆ ಸಂಖ್ಯೆಗಳಿರುತ್ತಿದ್ದವು. ಆ ಕಾಲಮ್ಮನ್ನೇ ಬಣ್ಣಕ್ಕೆ ಕೊಟ್ಟರೆ ಚಿತ್ರದಲ್ಲಿ ಮೂರು ತಾಲ್ಲೂಕಿಗೆ ಮೂರು ಬಣ್ಣ ಬರುತ್ತಿತ್ತು. ಈಗ ಅದು ಬರೀ ಪಠ್ಯ. ಅದೇ ಕೋಡ್ ‘ಹನೂರು ಎಂಬ ಬಣ್ಣ ಇಲ್ಲ’ ಎಂದು ದೂರುತ್ತದೆ. ಇದು ಕಣ್ಣಿಗೆ ಬೀಳುವ ದೋಷ, ಸರಿಪಡಿಸಿಕೊಳ್ಳಬಹುದು.

ಎರಡನೆಯದು ಸದ್ದಿಲ್ಲದ್ದು. ಸಮೀಕ್ಷೆಗೆ ಮನೆಗಳನ್ನೋ ಚೌಕಗಳನ್ನೋ ಯಾದೃಚ್ಛಿಕವಾಗಿ ಆರಿಸುವಾಗ ‘ಸೆಟ್ ಸೀಡ್’ ಎಂದು ಒಂದು ಸಂಖ್ಯೆ ಕೊಟ್ಟು ‘ಸ್ಯಾಂಪಲ್’ ಆಜ್ಞೆ ಕೊಡುತ್ತೇವೆ. ಅದೇ ಸಂಖ್ಯೆ ಕೊಟ್ಟರೆ ಅದೇ ಆಯ್ಕೆ ಬರಬೇಕು, ಬೇರೆಯವರು ಪರಿಶೀಲಿಸಲು ಆಗಬೇಕು ಎಂಬುದೇ ಇದರ ಉದ್ದೇಶ. 2019ರ 3.6.0 ಆವೃತ್ತಿಯಲ್ಲಿ ಸ್ಯಾಂಪಲ್‌ನ ಒಳಗಿನ ಲೆಕ್ಕವನ್ನು ಹೆಚ್ಚು ನಿಷ್ಪಕ್ಷಪಾತವಾಗುವಂತೆ ತಿದ್ದಿದರು. ತಿದ್ದಿದ್ದು ಸರಿಯೇ. ಆದರೆ 2018ರಲ್ಲಿ ಆರಿಸಿದ ಚೌಕಗಳ ಪಟ್ಟಿಯನ್ನು ಇಂದು ಅದೇ ಸೀಡ್ ಕೊಟ್ಟು ಮತ್ತೆ ತೆಗೆದರೆ ಬೇರೆಯೇ ಚೌಕಗಳು ಬರುತ್ತವೆ, ಯಾವ ದೋಷದ ಸೂಚನೆಯೂ ಇರುವುದಿಲ್ಲ. ‘ಆರ್‌ಎನ್‌ಜಿಕೈಂಡ್’ ಆಜ್ಞೆಯಲ್ಲಿ ಹಳೆಯ ‘ರೌಂಡಿಂಗ್’ ಕ್ರಮ ಕೇಳಿದರೆ ಹಳೆಯ ಆಯ್ಕೆ ಸಿಗುತ್ತದೆ. ಆದರೆ ಕೇಳಬೇಕು ಎಂಬುದು ಗೊತ್ತಾಗಲು ಅಂದು ಬಳಸಿದ್ದು ಯಾವ ಆವೃತ್ತಿ ಎಂದು ಯಾರಾದರೂ ಬರೆದಿಟ್ಟಿರಬೇಕು. ‘ಸೆಷನ್‌ಇನ್ಫೋ’ ಎಂಬ ಒಂದೇ ಆಜ್ಞೆ ಇದನ್ನು ಅರ್ಧ ಪುಟದಲ್ಲಿ ಕೊಡುತ್ತದೆ.

ಹೊಸ ಆವೃತ್ತಿ ಏಪ್ರಿಲ್‌ನಲ್ಲಿ ಬಂದ ಕೂಡಲೇ ಹಾಕುವುದು ಬೇಡ ಎಂದು ನಾನು ಹೇಳುತ್ತೇನೆ. ಸಣ್ಣ ದೋಷಗಳನ್ನು ತಿದ್ದಿದ ಮುಂದಿನ ಆವೃತ್ತಿ, ಕೊನೆಯ ಅಂಕಿ ಒಂದು ಇರುವುದು, ಸಾಮಾನ್ಯವಾಗಿ ಜೂನ್ ವೇಳೆಗೆ ಬರುತ್ತದೆ. ಆ ಹೊತ್ತಿಗೆ ಒಣ ತಿಂಗಳುಗಳ ಕ್ಷೇತ್ರಕಾರ್ಯ ಮುಗಿದು ಕ್ಯಾಮೆರಾಗಳು ಕಾಡಿನಿಂದ ಹೊರಬಂದಿರುತ್ತವೆ, ಪ್ಯಾಕೇಜು ಕಟ್ಟುವವರೂ ಹೊಸದಕ್ಕೆ ಹೊಂದಿಕೊಂಡಿರುತ್ತಾರೆ. ವರದಿಯ ಮಧ್ಯದಲ್ಲಿ ಯಾವ ಕಾರಣಕ್ಕೂ ಬದಲಿಸಬಾರದು. ಒಂದು ಯೋಜನೆ ಶುರುವಾದ ಆವೃತ್ತಿಯಲ್ಲೇ ಮುಗಿಯಲಿ.

ಸಂಸ್ಥೆಗಳಿಂದ ಇನ್ನೊಂದು ನಿರೀಕ್ಷೆ ಇದೆ. ಬಿಳಿಗಿರಿಯ ಕಾಡಿನಲ್ಲಿ ಸೋಲಿಗರ 25 ಗ್ರಾಮಸಭೆಗಳಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಹಾಗೆ ದೊರೆತದ್ದು ದೇಶದಲ್ಲೇ ಮೊದಲು. ಜೇನು, ನೆಲ್ಲಿ, ಲಂಟಾನ, ಹುಲಿ ಯಾವುದರ ಮೇಲೆ ಲೆಕ್ಕ ಹಾಕಿದರೂ ಅದು ಅವರ ಬಾಳುವೆಗೆ ತಾಗುತ್ತದೆ. ಇಂದು ಯಳಂದೂರಿನಲ್ಲೋ ಕೊಳ್ಳೇಗಾಲದಲ್ಲೋ ಪದವಿ ಓದುತ್ತಿರುವ ಪೋಡಿನ ಹುಡುಗಿ ನಾಳೆ ಆ ವರದಿಯನ್ನು ಪರೀಕ್ಷಿಸಲು ಹೊರಟರೆ ಅವಳ ಕೈಗೆ ದತ್ತಾಂಶದ ಜೊತೆ ಕೋಡ್, ಲಾಕ್ ಫೈಲು, ಸೆಷನ್‌ಇನ್ಫೋದ ಅರ್ಧ ಪುಟ ಮೂರೂ ಸಿಗಬೇಕು. ಈ ಮೂರನ್ನು ವರದಿಯ ಅನುಬಂಧದಲ್ಲಿ ಸೇರಿಸಲು ಒಂದು ಪೈಸೆಯ ಖರ್ಚಿಲ್ಲ, ಯಾವ ಅನುಮತಿಯೂ ಬೇಕಿಲ್ಲ. ಬರುವ ವರ್ಷದ ವರದಿಗಳಿಂದಲೇ ಶುರುಮಾಡಬಹುದು.